ಆಗಲಿಲ್ಲ ಅಂತ ಮೊದಲೇ ಹೇಳು ತಮ್ಮಾ

ತಮ್ಮಾ, ನಿನ್ನ ಪತ್ರ ಓದಿದೆ. ಗದುಗಿನವನು, ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಇಂಜಿನಿಯರಿಂಗ್ ಓದಿ ಗೋಕುಲ ರೋಡಿನಲ್ಲಿ ಕೆಲಸ ಮಾಡಿದವನು, ಈಗ ಜರ್ಮನಿಗೆ, ನಮ್ಮ ಸ್ಟುಟ್‌ಗಾರ್ಟ್‌ಗೆ ಬರುತ್ತಿದ್ದೀಯ. ಬಹಳ ಖುಷಿಯಾಯಿತು. "ಅಕ್ಕಾರ, ಕೆಲಸ ಬರ್ತದ, ಇಂಗ್ಲಿಷ್ ನಡೀತದ. ಮತ್ತೇನು ಕಲ್ತು ಬರ್ಲಿ? ಅಲ್ಲಿ ಎಂಥಾವ್ರು ಉದ್ಧಾರ ಆಗ್ತಾರ್ರಿ?" ಅಂತ ಕೇಳಿದ್ದೀಯ.

ನಾನು ಧಾರವಾಡದವಳು. ಇಲ್ಲಿ ಸಂಸಾರ ಹೂಡಿ ಬಹಳ ವರ್ಷವಾಯಿತು. ನಮ್ಮ ಕಡೆಯ ಎಷ್ಟೋ ಮಕ್ಕಳು ಬಂದು ನೆಲೆ ನಿಂತಿದ್ದನ್ನೂ, ಕೆಲವರು ಬೇಸತ್ತು ವಾಪಸ್ ಹೋಗಿದ್ದನ್ನೂ ನೋಡಿದ್ದೇನೆ. ಬುದ್ಧಿ ಎಲ್ಲರಿಗೂ ಇತ್ತು. ಸಮಯಕ್ಕೆ ಸರಿಯಾಗಿ ಬಾಯಿ ಬಿಡುವ ರೂಢಿ ಕೆಲವರಿಗೆ ಮಾತ್ರ ಇತ್ತು. ನಿನ್ನ ಪ್ರಶ್ನೆಗೆ ನನ್ನ ಉತ್ತರ ಅದೇ.

ನಮ್ಮಲ್ಲಿ ಹಿರಿಯರು ಒಂದು ಕೆಲಸ ಹೇಳಿದರೆ "ಆಗ್ತದ್ರಿ ಸರ್, ಮಾಡ್ತೀನ್ರಿ" ಅಂದುಬಿಡುತ್ತೇವೆ. ಆಗುವುದಿಲ್ಲ ಅಂತ ಮುಖದ ಮೇಲೆ ಹೇಳಲು ಮನಸ್ಸು ಬರುವುದಿಲ್ಲ. ಅದು ಸರ್‌ಗೂ ಗೊತ್ತು. ಎರಡು ದಿನ ಬಿಟ್ಟು ಅವರೇ ಬಂದು ವಿಚಾರಿಸುತ್ತಾರೆ. ಇಲ್ಲಿ ಹಾಗೆ ವಿಚಾರಿಸುವವರು ಕಡಿಮೆ. ಗುರುವಾರ ಕೊಡುತ್ತೇನೆ ಅಂದರೆ ಗುರುವಾರ ಬಂದೇ ಬರುತ್ತದೆ ಅಂತ ಉಳಿದವರು ತಮ್ಮ ಕೆಲಸ ಹೊಂದಿಸಿಕೊಂಡಿರುತ್ತಾರೆ.

ನಮ್ಮ ವಿಭಾಗಕ್ಕೆ ಹಾವೇರಿ ಕಡೆಯ ಒಬ್ಬ ಹುಡುಗ ಬಂದ. ಬಹಳ ಚುರುಕು. ಒಂದು ಪರೀಕ್ಷೆಯ ವರದಿ ಅವನ ಪಾಲಿಗೆ ಬಂತು. ಸೋಮವಾರವೇ ಅವನಿಗೆ ಗೊತ್ತಾಯಿತು, ಹಳೆಯ ಟಿಪ್ಪಣಿಯೆಲ್ಲ ಜರ್ಮನ್‌ನಲ್ಲಿದೆ, ಅಳತೆ ತಾಳೆ ಆಗುತ್ತಿಲ್ಲ ಅಂತ. ಯಾರಿಗೂ ಹೇಳಲಿಲ್ಲ. ರಾತ್ರಿ ತನಕ ಕೂತು ಒಬ್ಬನೇ ಒದ್ದಾಡಿದ. ಗುರುವಾರ ಬೆಳಿಗ್ಗೆ ಮೀಟಿಂಗ್‌ನಲ್ಲಿ ಇನ್ನೂ ಮುಗಿದಿಲ್ಲ ಅಂದ. ತಂಡದ ಮುಖ್ಯಸ್ಥೆ ಸಿಟ್ಟಾಗಲಿಲ್ಲ. "ಇದು ನಿನಗೆ ಯಾವಾಗ ಗೊತ್ತಾಯಿತು?" ಅಂತ ಕೇಳಿದರು. ಅವನು ಸೋಮವಾರ ಅಂದ. ಅವರು ಪೆನ್ನು ಕೆಳಗಿಟ್ಟು ಮುಂದಿನ ವಿಷಯಕ್ಕೆ ಹೋದರು. ಆಮೇಲೆ ಎಷ್ಟೋ ದಿನ ಅವನಿಗೆ ಸಣ್ಣಪುಟ್ಟ ಕೆಲಸವೇ ಬಂತು. ಇಲ್ಲಿ ಸಾಮಾನ್ಯವಾಗಿ ಮೊದಲ 6 ತಿಂಗಳು ಪರೀಕ್ಷಾ ಅವಧಿ, ಅಂದರೆ ಪ್ರೊಬೇಷನ್, ಇರುತ್ತದೆ. ಆಗ ಎರಡು ವಾರದ ನೋಟಿಸ್ ಕೊಟ್ಟು ಕೆಲಸದಿಂದ ತೆಗೆಯಬಹುದು. ನನಗೇ ಜೀವ ಕೈಯಲ್ಲಿ ಹಿಡಿದಂತಾಗಿತ್ತು.

ಅವನನ್ನು ಕೂರಿಸಿಕೊಂಡು ಮಾತಾಡಿದೆ. ಮುಂದಿನ ಸಲ ತೊಡಕು ಬಂದ ದಿನವೇ ಅವನು ಈಮೇಲ್ ಹಾಕಿದ. ಏನು ಮುಗಿದಿದೆ, ಎಲ್ಲಿ ಸಿಕ್ಕಿಬಿದ್ದಿದ್ದೇನೆ, ಯಾರ ಸಹಾಯ ಬೇಕು, ಅಷ್ಟೇ. ಕ್ಷಮಿಸಿ ಅಂತ ನಾಲ್ಕು ಸಲ ಬರೆಯಲಿಲ್ಲ. ಸ್ವಲ್ಪ ಹೊತ್ತಿಗೆ ಹಿರಿಯ ತಂತ್ರಜ್ಞರೊಬ್ಬರು ಕುರ್ಚಿ ಎಳೆದುಕೊಂಡು ಬಂದು ಅವನ ಪಕ್ಕ ಕೂತರು. ಈಗ ಹೊಸಬರಿಗೆ ಕೆಲಸ ಹೇಳಿಕೊಡುವವನು ಅವನೇ.

ಹುಷಾರಿಲ್ಲದಿದ್ದರೂ ಇದೇ ಮಾತು. ಜ್ವರ ಇಟ್ಟುಕೊಂಡು ಆಫೀಸಿಗೆ ಹೋದರೆ ಇಲ್ಲಿ ಯಾರೂ ಮೆಚ್ಚುವುದಿಲ್ಲ. ಕೆಲಸ ಶುರುವಾಗುವ ಮೊದಲೇ ತಿಳಿಸು. ಮೂರು ದಿನಕ್ಕಿಂತ ಜಾಸ್ತಿಯಾದರೆ ಡಾಕ್ಟರ ಪ್ರಮಾಣಪತ್ರ ಬೇಕು, ಕೆಲವು ಕಂಪನಿಗಳು ಮೊದಲ ದಿನದಿಂದಲೇ ಕೇಳುತ್ತವೆ.

ಇನ್ನು ಭಾಷೆ. ಆಫೀಸಿನಲ್ಲಿ ಇಂಗ್ಲಿಷ್ ನಡೆಯುತ್ತದೆ, ನಿಜ. ಮನೆಗೆ ಬರುವ ಕಾಗದಗಳೆಲ್ಲ ಜರ್ಮನ್. ಅವುಗಳಲ್ಲಿ ಗಡುವು ಇರುತ್ತದೆ, ಸುಮ್ನೆ ಡ್ರಾದಲ್ಲಿ ತುರುಕಿದರೆ ತೊಂದರೆ ನಿನಗೇ. ನೀನು ಬರುತ್ತಿರುವುದು ಬ್ಲೂ ಕಾರ್ಡ್ ಮೇಲೆ, ಅಂದರೆ ಓದಿದ ನೌಕರರಿಗೆ ಕೊಡುವ ವಾಸದ ಪರವಾನಗಿ ಮೇಲೆ, ಅಲ್ವಾ? ಜರ್ಮನ್ ಭಾಷೆಯ ಎ1, ಅಂದರೆ ಮೊದಲ ಮಟ್ಟ ಇದ್ದರೆ 27 ತಿಂಗಳ ಕೆಲಸದ ನಂತರ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಬಿ1, ಅಂದರೆ ಮೂರನೇ ಮಟ್ಟ ಮುಗಿಸಿದರೆ 21 ತಿಂಗಳಿಗೇ ಹಾಕಬಹುದು. ಪರೀಕ್ಷೆಗಿಂತ ಕಷ್ಟ ಅಂದರೆ ತಪ್ಪು ತಪ್ಪಾಗಿ ಮಾತಾಡುವ ಧೈರ್ಯ. ಊರಿನಲ್ಲಿ ನಾಲ್ಕು ಜನರ ಎದುರು ಜಾಣ ಅನ್ನಿಸಿಕೊಂಡವನಿಗೆ ಇಲ್ಲಿ ಬೇಕರಿಯಲ್ಲಿ ಬ್ರೆಡ್ ಕೇಳಲು ನಾಲಿಗೆ ತಡವರಿಸುತ್ತದೆ. ತಡವರಿಸಲಿ. ಕೇಳು.

ನಿಮ್ಮ ರೋಣದ ಭೀಮಸೇನ ಜೋಶಿಯವರನ್ನೇ ನೋಡು. 1933ರಲ್ಲಿ 11 ವರ್ಷದ ಹುಡುಗ ಗುರುವನ್ನು ಹುಡುಕಿ ಮನೆ ಬಿಟ್ಟರು. ಗ್ವಾಲಿಯರ್, ಜಲಂಧರ್ ಅಂತ ಉತ್ತರವೆಲ್ಲ ಸುತ್ತಿದರು. ಜಲಂಧರ್‌ನಲ್ಲಿ ಗಾಯಕ ವಿನಾಯಕರಾವ್ ಪಟವರ್ಧನ್ ಅವರು, ಸವಾಯಿ ಗಂಧರ್ವರು ನಿಮ್ಮ ಕಡೆಯವರೇ, ಅವರ ಹತ್ತಿರ ಹೋಗು ಅಂದರು. ಆ ಹುಡುಗ ಕುಂದಗೋಳಕ್ಕೆ ಬಂದು ಗುರುಗಳ ಮನೆಯ ಚಾಕರಿ ಮಾಡುತ್ತಾ ಹಾಡು ಕಲಿತರು. ಅಪರಿಚಿತ ಊರುಗಳಲ್ಲಿ ಕಲಿಸಿ ಅಂತ ಕೇಳಿಕೊಳ್ಳಲು ಅಷ್ಟು ಸಣ್ಣ ಹುಡುಗ ಹಿಂಜರಿಯಲಿಲ್ಲ. ನಿನಗೆ ಕೈಯಲ್ಲಿ ಡಿಗ್ರಿ ಇದೆ, ನೌಕರಿ ಇದೆ, ಕೇಳಲು ಯಾಕೆ ಸಂಕೋಚ?

ಅಡುಗೆ ಕಲಿತು ಬಾ. ರೊಟ್ಟಿ ಬಡಿಯಲು ಬರದಿದ್ದರೂ ಅನ್ನ ಸಾರು ಬರಲಿ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಹೊತ್ತು ಮುಳುಗುತ್ತದೆ, ಮಧ್ಯಾಹ್ನ ಸ್ವಲ್ಪ ಹೊತ್ತಾದರೂ ಹೊರಗೆ ನಡೆದಾಡು. ಭಾನುವಾರ ಅಂಗಡಿ ಮುಚ್ಚಿರುತ್ತವೆ, ಶನಿವಾರವೇ ಸಂತೆ ಮುಗಿಸು.

ಈಗ ತುರ್ತಾಗಿ ಮಾಡಬೇಕಾದ್ದು ಒಂದಿದೆ. ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಮನೆ ಮಾಲೀಕರ ಸಹಿ ಮಾಡಿದ ಕಾಗದ ಬೇಕು. ಆ ಕಾಗದ ಕೊಡುತ್ತೀರಾ ಅಂತ ಮುಂಗಡ ಕೊಡುವ ಮೊದಲೇ ಅವರನ್ನು ಕೇಳು. ಅಂಚೆ ಡಬ್ಬಿಯ ಮೇಲೆ ನಿನ್ನ ಹೆಸರು ಅಂಟಿಸಲು ಹೇಳು, ಇಲ್ಲದಿದ್ದರೆ ಕಾಗದಗಳು ವಾಪಸ್ ಹೋಗುತ್ತವೆ. ಬಾಡಿಗೆ ಕರಾರು ಬಂದ ಕೂಡಲೇ ನನಗೊಂದು ಪ್ರತಿ ಕಳಿಸು. ಓದಿ ಹೇಳುತ್ತೇನೆ, ಆಮೇಲೆ ಸಹಿ ಮಾಡುವಿಯಂತೆ.