‘ನನಗೊಬ್ಬನಿಗೇ ಕೊಡಿ’ ಅಂದರೆ ಒಪ್ಪಬೇಕಾ?

ಪ್ರಶ್ನೆ: ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಶಿವಮೊಗ್ಗದ ಒಂದು ಅಂಗಡಿಗೆ 6 ವರ್ಷದಿಂದ ಕೊಡುತ್ತಿದ್ದೇನೆ. ಮೊದಲೆಲ್ಲ ತಿಂಗಳು ತುಂಬುವುದರೊಳಗೆ ದುಡ್ಡು ಬರುತ್ತಿತ್ತು. ಈಗ 3 ತಿಂಗಳ ಬಾಕಿ. ಕೇಳಿದರೆ ‘ನಾವೇನು ಓಡಿಹೋಗ್ತೀವಾ’ ಅಂತಾರೆ. ಈ ವರ್ಷ ಬೇರೆ ಯಾರಿಗೂ ಕೊಡಬೇಡಿ ಅಂತಲೂ ಹೇಳುತ್ತಿದ್ದಾರೆ. ಒಪ್ಪಲಾ?
— ಓದುಗರು, ಸಾಗರ ತಾಲ್ಲೂಕು

ಉತ್ತರ: ಈಗಲೇ ಒಪ್ಪಬೇಡಿ. ಹಳೆ ಬಾಕಿ ಕೈಗೆ ಬರಲಿ, ಆಮೇಲೆ ಮಾತು.

ಅವರು ಮೋಸಗಾರರು ಅಂತ ನಾನು ಹೇಳುತ್ತಿಲ್ಲ. ಇಷ್ಟು ವರ್ಷ ಸರಿಯಾಗಿ ಕೊಟ್ಟಿದ್ದಾರೆ, ಅದಕ್ಕೆ ಬೆಲೆ ಇದೆ. ಆದರೆ ಮಿಡಿ ಸಿಗುವುದು ವರ್ಷಕ್ಕೊಂದೇ ಸಲ ಅಲ್ವಾ? ತೊಟ್ಟು ಮುರಿಯದ ಹಾಗೆ ಮಿಡಿ ಇಳಿಸಿದವರಿಗೆ ಅವತ್ತೇ ಕೂಲಿ ಕೊಡಬೇಕು, ಮರದವರಿಗೆ ನಗದು ಎಣಿಸಬೇಕು, ಉಪ್ಪು, ಮೆಣಸಿನಕಾಯಿ, ಸಾಸಿವೆ, ಬಾಟಲಿ ಎಲ್ಲದಕ್ಕೂ ನಿಮ್ಮದೇ ದುಡ್ಡು. ಅಷ್ಟೂ ಭರಣಿ ಒಬ್ಬರನ್ನೇ ನಂಬಿ ಇಟ್ಟುಕೊಂಡು, ಮಳೆಗಾಲದಲ್ಲಿ ಅವರು ‘ವ್ಯಾಪಾರ ಇಲ್ಲ, ಈಗ ಬೇಡ’ ಅಂದರೆ?

ತೀರ್ಥಹಳ್ಳಿಯಲ್ಲಿ ನಮ್ಮಪ್ಪನ ದಿನಸಿ ಅಂಗಡಿಗೆ ಒಬ್ಬರು ಅಮ್ಮ ಹಪ್ಪಳ ತಂದುಕೊಡುತ್ತಿದ್ದರು. ಆಷಾಢದಲ್ಲಿ ಗಿರಾಕಿ ಕಡಿಮೆ. ಆಗ ಅಪ್ಪ, ಅವರು ಕೇಳುವ ಮೊದಲೇ, ‘ಈಗ ಅರ್ಧ ತಗೊಳ್ಳಿ, ಉಳಿದದ್ದು ಚೌತಿಗೆ ಮುಂಚೆ’ ಅಂದು ಅವರ ಪುಸ್ತಕದಲ್ಲೇ ತಾರೀಖು ಬರೆದು ಸಹಿ ಹಾಕುತ್ತಿದ್ದರು. ಆ ಅಮ್ಮನೂ ಅಷ್ಟೇ, ಬಿಸಿಲು ಸಾಲದೆ ಹಪ್ಪಳ ಒಣಗದಿದ್ದರೆ ಎರಡು ದಿನ ಮೊದಲೇ ಹೇಳಿ ಕಳಿಸುತ್ತಿದ್ದರು. ನಿಮ್ಮ ಅಂಗಡಿಯವರು ಈ 3 ತಿಂಗಳಲ್ಲಿ ಒಂದು ಸಲವಾದರೂ ತಾವಾಗಿ ಬಾಯಿ ಬಿಟ್ಟಿದ್ದಾರಾ? ನನಗೆ ಬೇಜಾರಾಗಿದ್ದು ಅದೇ.

ಹೋಗಿ ಕೂತು ಮಾತಾಡಿ. ನಿಮಗೊಬ್ಬರಿಗೇ ಕೊಡ್ತೀನಿ, ಆದರೆ ತಿಂಗಳಿಗೆ ಇಷ್ಟು ಬಾಟಲಿ ತಗೊಳ್ಳಲೇಬೇಕು, ಮಿಡಿ ಕೊಯ್ಯುವ ಹೊತ್ತಿಗೆ ಮುಂಗಡ ಬೇಕು, ಖರ್ಚಾಗದೆ ವಾಪಸ್ ಬಂದ ಮಾಲು ಯಾರ ಲೆಕ್ಕಕ್ಕೆ ಅನ್ನುವುದೂ ಈಗಲೇ ತೀರ್ಮಾನ ಆಗಲಿ ಅಂತ ಹೇಳಿ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ.

ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಇಲ್ಲದಿದ್ದರೆ ಮಾಡಿಸಿ, ಶುಲ್ಕ ಇಲ್ಲ. ನೋಂದಣಿ ಆದ ಮೇಲೆ ಕೊಟ್ಟ ಮಾಲಿಗೆ 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಬಲ ಇರುತ್ತದೆ. ಮಾಲು ತಗೊಂಡವರು ದುಡ್ಡು ಕೊಡುವುದು, ಬರೆದ ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ, ರಿಸರ್ವ್ ಬ್ಯಾಂಕ್ ಪ್ರಕಟಿಸುವ ‘ಬ್ಯಾಂಕ್ ದರ’ ಅನ್ನುವ ಬಡ್ಡಿ ದರದ 3 ಪಟ್ಟು ಬಡ್ಡಿಯನ್ನು ಅವರು ಕೊಡಬೇಕು, ಅದೂ ಚಕ್ರಬಡ್ಡಿ. ಮೊದಲ ದಿನವೇ ಕಾಯ್ದೆ ಎತ್ತಬೇಡಿ, 6 ವರ್ಷದ ಸಂಬಂಧ ಅದು. ನಿಮಗೆ ಗೊತ್ತಿರಲಿ ಅಷ್ಟೇ.

ಮುಂಗಡದ ಮಾತಿಗೇ ಅವರು ಹಿಂದೇಟು ಹಾಕಿದರೆ ಅರ್ಧ ಭರಣಿ ಅವರಿಗಿಡಿ, ಇನ್ನರ್ಧಕ್ಕೆ ಸಾಗರದಲ್ಲೇ ಇನ್ನೊಂದು ಅಂಗಡಿ ನೋಡಿ. ಅದನ್ನೂ ಅವರಿಗೆ ನೀವೇ ಮೊದಲು ಹೇಳಿ, ಬೇರೆಯವರ ಬಾಯಿಂದ ಗೊತ್ತಾಗುವುದು ಬೇಡ.