ಬೋಟಿನ ಫ್ರಿಜ್ ತಳದಲ್ಲಿ ದಿನಾ ನೀರು ನಿಲ್ಲುತ್ತದೆ, ಪೈಪನ್ನು ಬಿಲ್ಜಿಗೆ, ಅಂದರೆ ನೆಲದ ಹಲಗೆಯಡಿ ನೀರು ಸೇರುವ ಬೋಟಿನ ತಳಕ್ಕೆ, ಬಿಡಬಹುದಾ?

ಬಿಡಬೇಡಿ. ಉಳಿದದ್ದನ್ನು ನಿಧಾನಕ್ಕೆ ಓದಿ, ಇದೊಂದನ್ನು ಮೊದಲೇ ಹೇಳಿಬಿಡುತ್ತೇನೆ.

ನೀವು ಬರೆದದ್ದು ಇಷ್ಟು. ಮರದ ಬೋಟ್, ಕಾಸರಗೋಡು ಜಿಲ್ಲೆಯ ನೀಲೇಶ್ವರದ ಕೋಟ್ಟಪ್ಪುರಂನಿಂದ ಹೊರಟು ವಲಿಯಪರಂಬದ ಹಿನ್ನೀರಿನಲ್ಲಿ ಎರಡು ಮೂರು ದಿನ ಸುತ್ತುತ್ತೀರಿ. ಅಡುಗೆ ಜಾಗದಲ್ಲಿ ಮೇಲಿನಿಂದ ಮುಚ್ಚಳ ತೆರೆಯುವ 100 ಲೀಟರಿನ 12 ವೋಲ್ಟ್ ಫ್ರಿಜ್ ಇದೆ. ಅದರ ತಳದಲ್ಲಿ ನೀರು, ವಾಸನೆ, ಹೊರಮೈ ಬೆವರುವುದು, ಬೆಳಗ್ಗೆ ಎದ್ದರೆ ಬ್ಯಾಟರಿ ಇಳಿದಿರುವುದು. ತಳದ ತೂತಿಗೆ ಪೈಪ್ ಹಾಕಿ ಬಿಲ್ಜಿಗೆ ಬಿಟ್ಟರೆ ಪಂಪು ಹೇಗೂ ಹೊರಗೆ ಎತ್ತಿ ಹಾಕುತ್ತದೆ ಎಂದು ಯಾರೋ ಹೇಳಿದ್ದಾರೆ.

ನಾನು ಕುಂಬಳೆಯವನು. ಫ್ರಿಜ್, ಎಸಿ ರಿಪೇರಿ ನನ್ನ ಕೆಲಸ, ಅದರಲ್ಲಿ ಮೀನಿನ ಬೋಟಿನ ಐಸ್ ಪೆಟ್ಟಿಗೆ, ಹೌಸ್‌ಬೋಟಿನ ಫ್ರಿಜ್ ಕೂಡ ಇರುತ್ತದೆ. ಶುರುವಿನಲ್ಲಿ ಒಂದು ಬೋಟಿಗೆ ನಾನೇ ಹಾಗೆ ಪೈಪ್ ಇಳಿಸಿಕೊಟ್ಟಿದ್ದೆ. ಎರಡು ಮಳೆಗಾಲ ಕಳೆದು ನೆಲದ ಹಲಗೆ ಎತ್ತಿದಾಗ, ಪೈಪಿನ ಬಾಯಿ ಇದ್ದಲ್ಲಿ ಹೆಬ್ಬಲಸಿನ ಹಲಗೆ ಕಪ್ಪಾಗಿ ಮೆತ್ತಗಾಗಿತ್ತು. ಹೆಬ್ಬೆರಳಿನ ಉಗುರು ಒತ್ತಿದರೆ ಒಳಗೆ ಇಳಿಯುತ್ತಿತ್ತು. ಒಂದು ಗೇಣು ಆಚೆ ಅದೇ ಹಲಗೆ ಕಲ್ಲಿನ ಹಾಗೆ ಗಟ್ಟಿ ಇತ್ತು. ಆ ಹಲಗೆ ಬದಲಿಸಿದ ಖರ್ಚಿನಲ್ಲಿ ಅರ್ಧ ನಾನು ಕೊಟ್ಟೆ. ಆಮೇಲೆ ಯಾವ ಬೋಟಿಗೂ ಹಾಗೆ ಮಾಡಿಲ್ಲ.

ಮರಕ್ಕೆ ಉಪ್ಪುನೀರಿಗಿಂತ ಸಿಹಿನೀರೇ ಜಾಸ್ತಿ ಕೆಟ್ಟದ್ದು, ಕೊಳೆಸುವ ಬೂಸ್ಟು ಸಿಹಿನೀರಿನ ತೇವದಲ್ಲೇ ಚೆನ್ನಾಗಿ ಬೆಳೆಯುತ್ತದೆ. ಫ್ರಿಜ್ಜಿನಿಂದ ಬರುವುದು ಸಿಹಿನೀರು, ಜೊತೆಗೆ ಚೆಲ್ಲಿದ ಹಾಲು, ಬಂಗುಡೆಯ ರಕ್ತ, ಕೊತ್ತಂಬರಿ ಕೊಳೆತದ್ದು. ಪಂಪು ಅದನ್ನೆಲ್ಲ ಪೂರ್ತಿ ಎತ್ತುವುದಿಲ್ಲ, ಕೊನೆಯ ಒಂದು ಇಂಚು ನೀರು ಯಾವಾಗಲೂ ತಳದಲ್ಲಿ ಉಳಿಯುತ್ತದೆ. ಆ ಲೋಳೆ, ನೀರು ಏರಿದಾಗ ಪಂಪನ್ನು ತಾನಾಗಿ ಶುರು ಮಾಡುವ ಫ್ಲೋಟ್ ಸ್ವಿಚ್ಚಿಗೆ ಹಿಡಿದರೆ ಸ್ವಿಚ್ ಅಂಟಿಕೊಳ್ಳುತ್ತದೆ. ನಿಜವಾಗಿ ಬೋಟಿಗೆ ನೀರು ನುಗ್ಗಿದ ದಿನ ನಿಮ್ಮನ್ನು ಕಾಯಬೇಕಾದದ್ದು ಅದೇ ಸ್ವಿಚ್, ಅಲ್ವಾ? ಇನ್ನೊಂದು ಮಾತು. ಬಿಲ್ಜಿನಲ್ಲಿ ನೀರು ಕಂಡರೆ ಹಲಗೆ ಸಂದಿಯಿಂದ ಬಂತೋ ಫ್ರಿಜ್ಜಿನಿಂದ ಬಂತೋ ಎಂದು ಗೊತ್ತಾಗಬೇಕು. ಎರಡೂ ಒಂದೇ ಕಡೆ ಸೇರಿದರೆ ಗೊತ್ತಾಗುವುದು ಹೇಗೆ?

ಈಗ ಈ ನೀರು ಬರುವುದು ಎಲ್ಲಿಂದ ಎಂದು ನೋಡೋಣ. ಫ್ರಿಜ್ ಸೋರುತ್ತಿಲ್ಲ. ಅದು ಗಾಳಿಯಲ್ಲಿರುವ ನೀರು. 30 ಡಿಗ್ರಿ ಬಿಸಿಯ ಗಾಳಿ ಒಂದು ಘನ ಮೀಟರಿನಲ್ಲಿ ಸುಮಾರು 30 ಗ್ರಾಂ ನೀರನ್ನು ಹಬೆಯಾಗಿ ಹಿಡಿದಿಟ್ಟುಕೊಳ್ಳಬಲ್ಲದು, 5 ಡಿಗ್ರಿಗೆ ತಣಿದರೆ 7 ಗ್ರಾಂ ಕೂಡ ಹಿಡಿಯಲಾರದು. ಮಳೆಗಾಲದ ನಮ್ಮ ಗಾಳಿಯಲ್ಲಿ ತೇವ 85 ಶೇಕಡ ಎಂದಿಟ್ಟುಕೊಳ್ಳಿ. 100 ಲೀಟರಿನ ಪೆಟ್ಟಿಗೆಯ ಗಾಳಿ ಒಮ್ಮೆ ಪೂರ್ತಿ ಬದಲಾದರೆ ಸುಮಾರು 2 ಗ್ರಾಂ ನೀರು ಒಳಗೆ ಉಳಿಯುತ್ತದೆ. ದಿನಕ್ಕೆ 50 ಸಲ ಮುಚ್ಚಳ ತೆರೆದರೂ, ಪ್ರತಿ ಸಲ ಗಾಳಿಯೆಲ್ಲ ಬದಲಾದರೂ, 100 ಗ್ರಾಂ. ಅಂದರೆ ಅರ್ಧ ಲೋಟ. ಹಾಗಾಗಿ ಅರ್ಧ ಲೋಟ ನೀರು ಬಂದರೆ ತಲೆಬಿಸಿ ಮಾಡಬೇಡಿ, ಕಡಲಕರೆಯಲ್ಲಿ ಅಷ್ಟು ಬಂದೇ ಬರುತ್ತದೆ. ಐಸ್ ಹಾಕದೆಯೂ ಒಂದು ಲೀಟರ್ ಬರುತ್ತಿದ್ದರೆ ಮಾತ್ರ ಎಲ್ಲೋ ಇಡೀ ದಿನ ಗಾಳಿ ಒಳಗೆ ಹೋಗುತ್ತಿದೆ ಎಂದೇ ಅರ್ಥ. ಬ್ಯಾಟರಿ ಇಳಿಯುವುದೂ ಇದಕ್ಕೇ. ಒಂದು ಲೀಟರಿನಷ್ಟು ಹಬೆ ನೀರಾಗುವಾಗ ಬಿಡುವ ಬಿಸಿ ಸುಮಾರು 700 ವಾಟ್-ಅವರ್, ಅಷ್ಟನ್ನೂ ಕಂಪ್ರೆಸರ್ ಹೊರಗೆ ಹಾಕಬೇಕು.

ಆದರೆ ಒಂದು ವಿಷಯ ನೀವು ಬರೆದಿಲ್ಲ. ಮೀನಿನ ಜೊತೆ ಐಸ್ ಹಾಕುತ್ತೀರಾ? ಒಂದು ಕಿಲೋ ಐಸ್ ಕರಗಿದರೆ ಒಂದು ಲೀಟರ್ ನೀರು, ಗಾಳಿಯ ಲೆಕ್ಕವೆಲ್ಲ ಅದರ ಮುಂದೆ ಏನೂ ಅಲ್ಲ. ಮೀನು ಮತ್ತು ಐಸನ್ನು ಮುಚ್ಚಳ ಇರುವ ಬೇರೆ ಡಬ್ಬಿಯಲ್ಲೇ ಇಡಿ, ಆ ನೀರು ಫ್ರಿಜ್ಜಿನ ತಳಕ್ಕೆ ಇಳಿಯಲೇಬಾರದು. ಬಿಸಿ ಸಾಂಬಾರು, ಮುಚ್ಚದ ಗಂಜಿ ಪಾತ್ರೆ, ತೊಳೆದು ನೀರು ಸೋರಿಸದೆ ಇಟ್ಟ ಬಸಳೆ, ಹರಿವೆ ಎಲ್ಲವೂ ಒಳಗೆ ತೇವ ಬಿಡುತ್ತವೆ.

ಆಮೇಲೆ ಮುಚ್ಚಳದ ರಬ್ಬರ್ ನೋಡಿ. ಒಂದು 10 ರೂಪಾಯಿ ನೋಟನ್ನು ರಬ್ಬರಿನ ಮೇಲಿಟ್ಟು ಮುಚ್ಚಳ ಹಾಕಿ ಎಳೆಯಿರಿ. ಹಿಡಿದು ಹಿಡಿದು ಬರಬೇಕು. ಸುಮ್ನೆ ಜಾರಿ ಬಂದರೆ ಅಲ್ಲಿ ಸಂದಿ ಇದೆ. ಸುತ್ತಲೂ ನಾಲ್ಕು ನಾಲ್ಕು ಬೆರಳಿಗೊಮ್ಮೆ ಹೀಗೆ ನೋಡಿ. ರಾತ್ರಿ ಲೈಟೆಲ್ಲ ಆರಿಸಿ, ಒಳಗೆ ಟಾರ್ಚ್ ಹಚ್ಚಿಟ್ಟು ಮುಚ್ಚಿದರೂ ಬೆಳಕು ಎಲ್ಲಿ ಹೊರಗೆ ಬರುತ್ತದೆ ಎಂದು ಕಾಣುತ್ತದೆ. ರಬ್ಬರ್ ಬರೀ ಚಪ್ಪಟೆಯಾಗಿದ್ದರೆ ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಒತ್ತಿ ಹಿಡಿದರೆ ಸ್ವಲ್ಪ ಸರಿಯಾಗುತ್ತದೆ. ಹರಿದಿದ್ದರೆ ಹೊಸದೇ ಹಾಕಬೇಕು.

ಇನ್ನು ತಳದ ತೂತು. ನಿಮ್ಮ ಮುಖ್ಯ ಪ್ರಶ್ನೆ ಇದೇ, ಜಾಸ್ತಿ ಜನ ತಪ್ಪುವುದೂ ಇಲ್ಲೇ. ತಣ್ಣಗಿನ ಗಾಳಿ ಭಾರ. ಮೇಲೆ ಮುಚ್ಚಳ ಇರುವ ಫ್ರಿಜ್ ಒಳ್ಳೆಯದು ಎನ್ನುವುದೇ ಅದಕ್ಕೆ, ಮುಚ್ಚಳ ತೆಗೆದರೂ ತಂಪು ಬಾವಿಯಲ್ಲಿ ನೀರು ನಿಂತ ಹಾಗೆ ಒಳಗೇ ನಿಲ್ಲುತ್ತದೆ. ತಳದಲ್ಲಿ ತೆರೆದ ಪೈಪ್ ಇದ್ದರೆ ಆ ತಂಪೆಲ್ಲ ಅದರಲ್ಲಿ ಕೆಳಗೆ ಹರಿದುಹೋಗುತ್ತದೆ, ಹೋದಷ್ಟು ಹಸಿಗಾಳಿ ಮುಚ್ಚಳದ ಸಂದಿಯಿಂದ ಒಳಗೆ ಬರುತ್ತದೆ. ನೀರು ತೆಗೆಯಲು ಇಟ್ಟ ತೂತೇ ನೀರು ತರುತ್ತದೆ! ಹಾಗಾಗಿ ಪೈಪನ್ನು ಬಾತ್‌ರೂಮಿನ ಟ್ರ್ಯಾಪಿನ ಹಾಗೆ ಕೆಳಗೆ ಇಳಿಸಿ ಮತ್ತೆ ನಾಲ್ಕು ಇಂಚು ಮೇಲೆ ಎತ್ತಿ ಆಮೇಲೆ ಇಳಿಸಬೇಕು. ಆ ಬಾಗಿನಲ್ಲಿ ನೀರು ನಿಂತು ಗಾಳಿಯನ್ನು ತಡೆಯುತ್ತದೆ, ಜಿರಳೆ, ವಾಸನೆ ಕೂಡ ಮೇಲೆ ಬರುವುದಿಲ್ಲ. ಬೇಸಗೆಯಲ್ಲಿ ಬೋಟ್ ಕೆಲವು ದಿನ ನಿಂತರೆ ಆ ನೀರು ಆರಿಹೋಗುತ್ತದೆ, ಹೊರಡುವ ಮೊದಲು ಒಂದು ಲೋಟ ಶುದ್ಧ ನೀರು ಹೊಯ್ಯಿರಿ. ಫ್ರಿಜ್ ಕೆಳಗೆ ಅಷ್ಟು ಎತ್ತರ ಇಲ್ಲದಿದ್ದರೆ ಒಂದು ಸಣ್ಣ ಬಾಲ್ ವಾಲ್ವ್ ಹಾಕಿ ಮುಚ್ಚಿಡಿ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ತೆರೆದರೆ ಸಾಕು.

ಪೈಪಿನ ಕೊನೆ ಎಲ್ಲಿಗೆ? ನನ್ನ ಉತ್ತರ ಒಂದು ಎರಡು ಲೀಟರಿನ ಪಾರದರ್ಶಕ ಬಾಟಲಿ. ಅದರ ಮೇಲೆ 100 ಮಿಲಿಗೊಂದು ಗೆರೆ ಎಳೆದು, ಬೋಟ್ ಅಲುಗಿದರೆ ಬೀಳದ ಹಾಗೆ ಹುರಿಹಗ್ಗದಲ್ಲಿ ಕಟ್ಟಿ, ಅಡುಗೆ ಮಾಡುವವರ ಕಣ್ಣಿಗೆ ಬೀಳುವ ಜಾಗದಲ್ಲೇ ಇಡಿ. ಪೈಪು ಬಾಟಲಿಯ ಬಾಯಿಗೆ ಬಿಗಿಯಾಗಿ ಕೂರಬಾರದು, ಒಳಗಿನ ಗಾಳಿಗೆ ಹೊರಹೋಗಲು ದಾರಿ ಇಲ್ಲದಿದ್ದರೆ ನೀರು ಇಳಿಯುವುದಿಲ್ಲ. ದಿನಾ ಎಷ್ಟು ಬಂತು ಎಂದು ನೋಡಿ ಚೆಲ್ಲಿ, ದಡಕ್ಕೆ ಬಂದಾಗ ತೆಂಗಿನ ಬುಡಕ್ಕೆ ಹಾಕಿದರೂ ಆಯಿತು. ನೀರು ಕಣ್ಣಿಗೆ ಕಾಣುವುದು ಬಹಳ ಮುಖ್ಯ. ನಿನ್ನೆ 150 ಮಿಲಿ, ಇವತ್ತು 600 ಎಂದು ಕಂಡರೆ ರಬ್ಬರೋ ವಾಲ್ವೋ ಏನೋ ಕೆಟ್ಟಿದೆ ಎಂದು ಅವತ್ತೇ ಗೊತ್ತಾಗುತ್ತದೆ.

ಬಾಟಲಿ ಬೇಡ, ನೇರ ಹೊರಗೇ ಹೋಗಲಿ ಎನ್ನುವುದಾದರೆ ಬೇರೆ ಸಣ್ಣ ಡಬ್ಬಿ, ಅದಕ್ಕೇ ಬೇರೆ ಸಣ್ಣ ಪಂಪ್ ಬೇಕು. ಹೊರಗಿನ ತೂತು ನೀರಿನ ಮಟ್ಟಕ್ಕಿಂತ ತುಂಬಾ ಮೇಲಿರಲಿ. ಬೋಟ್ ಖಾಲಿ ಇದ್ದಾಗಿನ ಮಟ್ಟವಲ್ಲ. ಬಂದವರೆಲ್ಲ ಅಳಿವೆ ನೋಡಲು ಒಂದೇ ಬದಿಗೆ ಬಂದು ನಿಂತಾಗ ಆ ಬದಿ ಎಷ್ಟು ಇಳಿಯುತ್ತದೋ ಅದಕ್ಕಿಂತ ಮೇಲೆ. ತೂತು ಒಮ್ಮೆ ನೀರಿನಡಿಗೆ ಹೋದರೆ ಹೊರಗಿನ ನೀರು ಅದೇ ಪೈಪಿನಲ್ಲಿ ಒಳಗೆ ಬರಬಹುದು. ಇದರಲ್ಲಿ ಯಾರ ಮಾತಿಗೂ ಒಪ್ಪಿಕೊಳ್ಳಬೇಡಿ.

ಹೊರಮೈ ಬೆವರುವುದಕ್ಕೆ ಅಷ್ಟು ಹೆದರಬೇಡಿ. ಮೇಲೆ ಹೇಳಿದ ಮಳೆಗಾಲದ ಗಾಳಿಯಲ್ಲಿ ಪೆಟ್ಟಿಗೆಯ ಮೈ ಬರೀ ಮೂರು ಡಿಗ್ರಿ ತಣ್ಣಗಿದ್ದರೂ ಸಾಕು, ಹನಿ ಕಟ್ಟುತ್ತದೆ. ಸುತ್ತ ನಾಲ್ಕು ಬೆರಳು ಜಾಗ ಬಿಡಿ, ಹಾಸಿಗೆ, ಅಕ್ಕಿ ಚೀಲ ಒತ್ತಿ ಇಡಬೇಡಿ. ಆದರೆ ಒಂದೇ ಕಡೆ ಅಂಗೈ ಅಗಲ ಮಾತ್ರ ಬೆವರುತ್ತಿದ್ದರೆ, ಅದೂ ಜನವರಿ ಫೆಬ್ರವರಿಯ ಒಣ ದಿನಗಳಲ್ಲಿ, ಅಲ್ಲಿ ಪೆಟ್ಟಿಗೆಯ ಗೋಡೆಯೊಳಗೆ ತಂಪು ಕಾಯುವ ಫೋಮಿಗೆ ನೀರು ಹೋಗಿದೆ. ಹಬೆ ಯಾವಾಗಲೂ ಬಿಸಿ ಕಡೆಯಿಂದ ತಂಪು ಕಡೆಗೆ ಸಾಗುತ್ತದೆ, ಹಾಗಾಗಿ ಅದನ್ನು ತಡೆಯುವ ಹಾಳೆ ಇರಬೇಕಾದದ್ದು ಫೋಮಿನ ಹೊರಬದಿಗೆ. ಊರಲ್ಲಿ ಮಾಡಿಸಿದ ಪೆಟ್ಟಿಗೆಗಳಲ್ಲಿ ಆ ಹಾಳೆಯೇ ಇಲ್ಲದ್ದನ್ನು, ಇಲ್ಲವೇ ಒಳಬದಿಗೆ ಹಾಕಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಒದ್ದೆಯಾದ ಫೋಮ್ ಒಣಗಿಸಲು ಆಗುವುದಿಲ್ಲ, ಕತ್ತರಿಸಿ ತೆಗೆದು ಹೊಸದಾಗಿ ಪಿಯು (ಪಾಲಿಯುರೆಥೇನ್) ಫೋಮ್ ತುಂಬಬೇಕು. ಥರ್ಮೊಕೋಲ್ ಬೇಡ, ಅದು ವರ್ಷಗಳಲ್ಲಿ ನೀರು ಹೀರುತ್ತದೆ. ಪೆಟ್ಟಿಗೆಗೆ ಸ್ಕ್ರೂ ಹೊಡೆದು ಸ್ಟ್ಯಾಂಡ್ ಕೂರಿಸುವುದೂ ಬೇಡ.

ಒಳಗೆ ತಂಪು ಮಾಡುವ ಪ್ಲೇಟಿನ ಮೇಲೆ ಹಿಮ 5 ಮಿಲಿಮೀಟರ್ ಆಗುವ ಮೊದಲೇ ಆಫ್ ಮಾಡಿ ಕರಗಿಸಿ. ಒಂದು ಪಾತ್ರೆ ಬಿಸಿನೀರು ಒಳಗಿಟ್ಟರೆ ಬೇಗ ಕರಗುತ್ತದೆ. ಚಾಕುವಿನಿಂದ ಕೆರೆಯಬೇಡಿ, ಅಲ್ಯುಮಿನಿಯಂ ತೂತಾಗಿ ಗ್ಯಾಸ್ ಹೋದರೆ ಪ್ಲೇಟೇ ಹೋದಂತೆ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್‌ನ ಮಳೆಗಾಲ) ಬೋಟ್ ಕಟ್ಟಿ ನಿಲ್ಲಿಸುತ್ತೀರಲ್ಲ, ಆಗ ಒಂದು ಲೀಟರ್ ನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಒರೆಸಿ, ಪೈಪನ್ನೂ ತೊಳೆದು, ಒಣಬಟ್ಟೆಯಲ್ಲಿ ಉಜ್ಜಿ, ಮುಚ್ಚಳದ ಸಂದಿಗೆ ಒಂದು ಗೆರಟೆ ಚೂರು ಸಿಕ್ಕಿಸಿ ತೆರೆದಿಡಿ. ಮುಚ್ಚಿಟ್ಟರೆ ವಾರದಲ್ಲೇ ಬೂಸ್ಟು ಹಿಡಿಯುತ್ತದೆ.

ಸದ್ಯಕ್ಕೆ ಏನನ್ನೂ ಬಿಚ್ಚಬೇಡಿ. ಮುಂದಿನ ಟ್ರಿಪ್ಪಿನಲ್ಲಿ ಬಾಟಲಿ ಕಟ್ಟಿ, ದಿನಾ ಎಷ್ಟು ನೀರು ಬಂತು, ಅವತ್ತು ಐಸ್ ಹಾಕಿದ್ದೀರೋ ಇಲ್ಲವೋ ಎಂದು ಬರೆದಿಡಿ. ನೋಟು ಎಲ್ಲಿ ಜಾರಿತು ಎಂದೂ ಹೇಳಿ. ಅದು ಗೊತ್ತಾದರೆ ರಬ್ಬರ್ ಬದಲಿಸಿದರೆ ಸಾಕೋ ಫೋಮ್ ತೆಗೆಯಬೇಕೋ ಎಂದು ನಾನು ಇಲ್ಲೇ ಹೇಳುತ್ತೇನೆ.