ಪೊನ್ನಂಪೇಟೆಯ ತಮ್ಮನಿಗೆ

ತಮ್ಮಾ, ನಿನ್ನ ಪತ್ರ ಓದಿದೆ. ಎಚ್1ಬಿ ಅನ್ನೋ ಕೆಲಸದ ವೀಸಾ ಮೇಲೆ ಅಮೆರಿಕದ ಸ್ಯಾನ್ ಹೋಸೆಗೆ ಬರುತ್ತಿದ್ದೀಯ. ಬಾಡಿಗೆ ಎಷ್ಟು, ಚಳಿ ಹೇಗೆ, ಕೆಲಸದ ಜೊತೆ ಸ್ವಂತ ಕಂಪನಿ ಶುರು ಮಾಡಬಹುದಾ, ಕವಿತೆ ನಿಂತುಹೋಗುತ್ತಾ ಅಂತ ಕೇಳಿದ್ದೀಯ.

ಬಾಡಿಗೆ ಜಾಸ್ತಿ. ಇಬ್ಬರು ಸೇರಿ ಮನೆ ಹಿಡಿಯಿರಿ. ಚಳಿಗಾಲದ ರಾತ್ರಿ ಮಡಿಕೇರಿಗಿಂತ ಚಳಿ ಜಾಸ್ತಿನೇ, ಆದರೆ ತಡೆದುಕೊಳ್ಳಬಹುದು. ಮಳೆ ಇಲ್ಲದ್ದೇ ಕಷ್ಟ. ನಾನು ಬಂದಿಳಿದದ್ದು ಜುಲೈ ಕೊನೆಗೆ. ಊರಲ್ಲಿ ಕಕ್ಕಡ ತಿಂಗಳ ಜಡಿಮಳೆ, ಒಲೆ ಮೇಲೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಕಾಲ. ಇಲ್ಲಿ ನೋಡಿದರೆ ಗುಡ್ಡವೆಲ್ಲ ಒಣಹುಲ್ಲು!

ಕಂಪನಿ ವಿಷಯ ಮಾತ್ರ ಗಮನವಿಟ್ಟು ಓದು. ಎಚ್1ಬಿಯಲ್ಲಿ ನಿನಗಾಗಿ ಅರ್ಜಿ ಹಾಕಿದ ಕಂಪನಿಗಷ್ಟೇ ದುಡಿಯಬಹುದು. ಸ್ವಂತ ಕಂಪನಿಯ ಷೇರು ಇಟ್ಟುಕೊಳ್ಳಬಹುದು, ಅದರ ಕೆಲಸಕ್ಕೆ ಕೂರುವ ಹಾಗಿಲ್ಲ. ಸಂಬಳ ತಗೊಳ್ಳಲ್ಲ ಅಂದರೂ ವಕೀಲರು ಬೇಡ ಅನ್ನುತ್ತಾರೆ. 2025ರ ಜನವರಿಯಿಂದ ನಿಯಮ ಸ್ವಲ್ಪ ಸಡಿಲವಾಗಿದೆ. ನಿನ್ನದೇ ಕಂಪನಿ ನಿನಗಾಗಿ ಅರ್ಜಿ ಹಾಕಬಹುದು, ಆದರೆ ಮೊದಲ ಸಲ ಸಿಗೋದು 18 ತಿಂಗಳು ಮಾತ್ರ. ಕೆಲಸ ಹೋದರೆ ಬೇರೆ ದಾರಿ ಹುಡುಕಿಕೊಳ್ಳೋಕೆ ಹೆಚ್ಚೆಂದರೆ 60 ದಿನ. ಗ್ರೀನ್ ಕಾರ್ಡ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ ಸಿಕ್ಕರೆ ಈ ಕಟ್ಟುಗಳಿಲ್ಲ. ಆದರೆ ವರ್ಷದ ಕಾರ್ಡುಗಳಲ್ಲಿ ಒಂದು ದೇಶದವರಿಗೆ ಶೇ 7ರ ಮಿತಿ ಇರುವುದರಿಂದ ನಮ್ಮವರ ಸಾಲು ಕರಗುವುದೇ ಇಲ್ಲ.

ಆ ಸಾಲಿನಲ್ಲಿ ನಾನೂ ವರ್ಷಗಟ್ಟಲೆ ನಿಂತವನು. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟಾಗ ತೋಟಕ್ಕೆ ಯಾವಾಗ ಸ್ಪ್ರಿಂಕ್ಲರ್ ಹಾಕಬೇಕು ಅಂತ ಮಣ್ಣಿನ ತೇವ ನೋಡಿ ಫೋನಿಗೆ ಹೇಳುವ ಸಾಫ್ಟ್‌ವೇರ್ ತಲೆಯಲ್ಲಿತ್ತು, ಕೈ ಹಾಕುವಂತಿರಲಿಲ್ಲ. ರಾತ್ರಿ ಸುಮ್ನೆ ಕೂತು ಏನು ಮಾಡೋದು? ಕವಿತೆ ಬರೆದೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ ಅಲ್ವಾ. ನನ್ನ ಪದ್ಯಗಳಲ್ಲಿ ಓದಿಸಿಕೊಳ್ಳುವಂಥವೆಲ್ಲ ಆ ಕಾಲದವೇ.

ಕಾರ್ಡ್ ಬಂತು, ಕಂಪನಿ ಕಟ್ಟಿದೆ. ಇವತ್ತು ಸಿದ್ದಾಪುರದ ಕಡೆಯ ತೋಟದವರೂ ಅದನ್ನು ಬಳಸುತ್ತಾರೆ. ಹೆಮ್ಮೆ ಇಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಈಗ ಒಂದು ಸಾಲು ಹೊಳೆಯೋ ಹೊತ್ತಿಗೆ ಸರಿಯಾಗಿ ಸರ್ವರ್ ಕೆಟ್ಟಿದೆ ಅಂತ ಫೋನ್ ಬರುತ್ತೆ. ಅಪ್ಪ ತೀರಿಕೊಂಡ ಮೇಲೆ ಶುರು ಮಾಡಿದ ಪದ್ಯ ಫೋನಿನಲ್ಲಿ ಸಂಬಳದ ಪಟ್ಟಿಯ ಕೆಳಗೆ ಅರ್ಧಕ್ಕೇ ನಿಂತಿದೆ. ಹಣ ಹಾಕಿದವರಿಗೆ ಕಳಿಸುವ ವರದಿ ಮಾತ್ರ ಒಂದು ತಿಂಗಳೂ ತಪ್ಪಿಲ್ಲ. ಹಾಗಾಗಿ ಕವಿತೆ ನಿಲ್ಲುತ್ತಾ ಅನ್ನೋ ಪ್ರಶ್ನೆಯನ್ನು ಕೆಲಸಕ್ಕೆ ಸೇರಿದಾಗ ಕೇಳಬೇಡ, ಕಂಪನಿ ಮಾಡಿದ ಮೇಲೆ ಕೇಳು. ಬರೆಯೋದಿದ್ದರೆ ಮೊದಲ ವರ್ಷಗಳಲ್ಲೇ ಬರೆದುಬಿಡು.

ಬರುವಾಗ ಹಂದಿ ಸಾರಿಗೆ ಹಾಕುವ ನಮ್ಮ ಹುಳಿರಸ, ಕಾಚಂಪುಳಿ ತಾ. ಬಾಟಲಿ ದೊಡ್ಡ ಪೆಟ್ಟಿಗೆಯಲ್ಲಿರಲಿ, ಕೈಚೀಲದಲ್ಲಿ ಬಿಡಲ್ಲ. ಅಮ್ಮ ಎಷ್ಟೇ ಹೇಳಲಿ, ಹಂದಿ ಉಪ್ಪಿನಕಾಯಿ ಬೇಡ. ಕಸ್ಟಮ್ಸಿನವರು ಕಣ್ಣೆದುರೇ ಎಸೆಯುತ್ತಾರೆ.